ಊರಿಗೆ ವೈರ್‌ಲೆಸ್ ನೆಟ್ ಕೊಡಬೇಕಂತೀರಾ? ಗದಗ ಸೀಮೆಯಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಗದಗ ಮತ್ತು ಮುಂಡರಗಿ ನಡುವಿನ ಕೆಲವು ಹಳ್ಳಿಗಳಿಗೆ ನಾನು ವೈರ್‌ಲೆಸ್ ಇಂಟರ್ನೆಟ್ ಕೊಡುತ್ತೇನೆ. ಮಾಳಿಗೆ ಮೇಲೆ ಪೈಪು ನಿಲ್ಲಿಸಿ, ಡಿಶ್ ಕಟ್ಟಿ, ಊರಿಂದ ಊರಿಗೆ ನೆಟ್ ಹಾಯಿಸುವ ಕೆಲಸ. ವಾರಕ್ಕೆ ಒಬ್ಬರಾದರೂ ಫೋನ್ ಮಾಡಿ, "ಅಣ್ಣಾರ, ನಮ್ಮೂರಾಗೂ ಇದನ್ನ ಶುರು ಮಾಡ್ಬೇಕಂತ ಮಾಡೀನಿ" ಅನ್ನುತ್ತಾರೆ. ಅದನ್ನೇ ಹೇಳಿ ಹೇಳಿ ಬಾಯಿ ಬೇಸತ್ತು ಈ ಪುಟ ಬರೆದಿದ್ದೇನೆ. ಯಾವ ಕಂಪನಿಯ ರೇಡಿಯೊ (ಡಿಶ್ ಹಿಂದೆ ಕೂತು ನೆಟ್ ಸಿಗ್ನಲ್ ಕಳಿಸುವ ಪೆಟ್ಟಿಗೆ) ಕೊಳ್ಳಲಿ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುವುದಿಲ್ಲ. ಎಲ್ಲರೂ ಮೊದಲು ಕೇಳುವುದು ಅದನ್ನೇ, ಆದರೆ ನನ್ನ ನೆಟ್ ಇದುವರೆಗೆ ಆ ಕಾರಣಕ್ಕೆ ಬಂದ್ ಬಿದ್ದದ್ದು ನೆನಪಿಲ್ಲ.

ಮನೆಗೆ ಫೈಬರ್ ತಗೊಂಡು ಅದನ್ನೇ ಹತ್ತು ಮನೆಗೆ ಹಂಚಿದರೆ ನಡೆಯುತ್ತದಲ್ಲ?

ನಡೆಯುತ್ತದೆ, ಪೊಲೀಸರು ಬರುವ ತನಕ. ಇಂಟರ್ನೆಟ್ ಮಾರಲು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಅದರಲ್ಲಿ ಎ, ಬಿ, ಸಿ ಎಂಬ ವರ್ಗಗಳಿವೆ: ಎ ಇಡೀ ದೇಶಕ್ಕೆ, ಬಿ ಹೆಚ್ಚುಕಡಿಮೆ ಒಂದು ರಾಜ್ಯಕ್ಕೆ, ಸಿ ಜಿಲ್ಲೆಯಂಥ ಸಣ್ಣ ಪ್ರದೇಶಕ್ಕೆ. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ನಿಯಮಗಳು ಬದಲಾಗುತ್ತಿವೆ. ಹಾಗಾಗಿ ಅರ್ಜಿ ಹಾಕುವ ದಿನ ಯಾವ ನಿಯಮವಿದೆಯೋ ಅದನ್ನು ಓದಿ, ಹಳೆಯ ವಿಡಿಯೊ ನಂಬಬೇಡಿ.

ನಮ್ಮಂಥ ಸಣ್ಣವರಲ್ಲಿ ಬಹಳ ಮಂದಿ ಮಾಡುವುದು ಬೇರೆ. ಪರವಾನಗಿ ಇರುವ ಕಂಪನಿಯೊಂದರ ಫ್ರಾಂಚೈಸಿ ಆಗಿ, ಬಿಲ್ಲು ಅವರ ಹೆಸರಿನಲ್ಲಿ, ಓಡಾಟ ನಮ್ಮ ಹೆಸರಿನಲ್ಲಿ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಒಂದೇ ಒಂದು ಸಾಲು ಹುಡುಕಿ: ನಾಳೆ ನೀವು ಕಂಪನಿ ಬಿಟ್ಟರೆ ಗ್ರಾಹಕರು ಯಾರ ಪಾಲು? ನಾನು ಮೊದಲ ಸಲ ಅದನ್ನು ಓದಿರಲಿಲ್ಲ. ಎರಡು ವರ್ಷ ಬಿಸಿಲಲ್ಲಿ ಪೈಪು ಹೊತ್ತು ಕಟ್ಟಿದ ಮನೆಗಳು ಕಾಗದದ ಮೇಲೆ ಬೇರೆಯವರದಾಗಿದ್ದವು.

ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ವೈಫೈ ಕೊಟ್ಟರೆ ಸಾಕು ಅನ್ನುವವರಿಗೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆ ಇದೆ. ಅದರಲ್ಲಿ ಅಂಗಡಿಯವನಿಗೆ ಪರವಾನಗಿ ಬೇಡ, ಶುಲ್ಕವೂ ಇಲ್ಲ.

5 ಗಿಗಾಹರ್ಟ್ಸ್ ಫ್ರೀ ಅಂತಾರಲ್ಲ?

ನಮ್ಮ ರೇಡಿಯೊಗಳು ಬಳಸುವ ಆ ತರಂಗ ಫ್ರೀ, ಶಿಸ್ತು ಫ್ರೀ ಇಲ್ಲ. 2018ರ ಅಕ್ಟೋಬರ್‌ನಲ್ಲಿ ಸರ್ಕಾರ 5 ಗಿಗಾಹರ್ಟ್ಸ್ ಆಸುಪಾಸಿನ ಒಟ್ಟು 605 ಮೆಗಾಹರ್ಟ್ಸ್ ಅನ್ನು ಪರವಾನಗಿಯಿಂದ ಮುಕ್ತ ಮಾಡಿತು. ನಾವು ಹೆಚ್ಚಾಗಿ ಬಳಸುವ 5725ರಿಂದ 5875 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಆಂಟೆನಾದಿಂದ ಹೊರಬೀಳುವ ಒಟ್ಟು ಬಲ 36 ಡಿಬಿಎಂ, ಅಂದರೆ 4 ವ್ಯಾಟ್ ದಾಟಬಾರದು. ಡಿಶ್‌ನ ಗಳಿಕೆಯೂ (ಸಿಗ್ನಲನ್ನು ಒಂದೇ ದಿಕ್ಕಿಗೆ ಕೂಡಿಸಿ ಹೆಚ್ಚಿಸುವ ಬಲ, ಡಿಬಿಐ ಲೆಕ್ಕದಲ್ಲಿ) ಇದರಲ್ಲಿ ಸೇರುತ್ತದೆ ಎಂಬುದನ್ನು ಹುಡುಗರು ಮರೆಯುತ್ತಾರೆ. 30 ಡಿಬಿಐ ಡಿಶ್ ಕಟ್ಟಿದರೆ ರೇಡಿಯೊದ ಪವರ್ 6 ಡಿಬಿಎಂಗೆ ಇಳಿಸಬೇಕು.

"6ರಾಗ ಏನ್ ಹೋಗ್ತದ್ರೀ?" ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. 5 ಕಿಲೊಮೀಟರ್ ಗಾಳಿಯಲ್ಲಿ ಸುಮಾರು 122 ಡಿಬಿ ಸವೆಯುತ್ತದೆ. ಆ ಕಡೆಯೂ ಅಂಥದೇ ಡಿಶ್ ಇದ್ದರೆ ಮೈನಸ್ 56 ಡಿಬಿಎಂ ಹತ್ತಿರ ಸಿಗ್ನಲ್ ಸಿಗುತ್ತದೆ (ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು), ಅದು ಬಹಳ ಚಲೋ ಸಿಗ್ನಲ್. ದೂರ ದುಪ್ಪಟ್ಟಾದರೆ ಇನ್ನೊಂದು 6 ಡಿಬಿ ಹೋಗುತ್ತದೆ, ಅಷ್ಟೇ. ಸೆಟ್ಟಿಂಗ್‌ನಲ್ಲಿ ಬೇರೆ ದೇಶದ ಹೆಸರು ಆರಿಸಿ ಪವರ್ ಪೂರ್ತಿ ಏರಿಸಿ ಇಡುವವರಿಂದಲೇ ಊರ ಮೇಲಿನ ಗಾಳಿ ಕೆಟ್ಟಿರುವುದು. ಜಾತ್ರೆಯಲ್ಲಿ ಒಬ್ಬ ಮೈಕು ಏರಿಸಿದರೆ ಪಕ್ಕದವನೂ ಏರಿಸುತ್ತಾನೆ, ಕೊನೆಗೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ.

ನಮ್ಮ ಮಾಳಿಗೆಯಿಂದ ಆ ಊರು ಕಣ್ಣಿಗೆ ಕಾಣುತ್ತದೆ. ಲಿಂಕ್ ಬರುತ್ತದಲ್ಲವೇ?

ಕಣ್ಣಿಗೆ ಕಂಡರೆ ಸಾಲದು. ರೇಡಿಯೊ ತರಂಗ ದಾರದ ಹಾಗೆ ನೇರ ಹೋಗದೆ, ನಡುವೆ ಹೊಟ್ಟೆ ಉಬ್ಬಿದ ಸೌತೆಕಾಯಿಯ ಆಕಾರದಲ್ಲಿ ಜಾಗ ಬೇಡುತ್ತದೆ. ಇದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. 5 ಕಿಲೊಮೀಟರ್ ಲಿಂಕ್‌ನ ನಟ್ಟನಡುವೆ ಅದರ ತ್ರಿಜ್ಯ ಸುಮಾರು 8 ಮೀಟರ್, 10 ಕಿಲೊಮೀಟರ್‌ಗೆ 11 ಮೀಟರ್ ಮಿಕ್ಕಿ. ಅದರಲ್ಲಿ ಕನಿಷ್ಠ 60 ಶೇಕಡಾ ಖುಲ್ಲಾ ಇರಬೇಕು. ನಡುದಾರಿಯಲ್ಲಿ ಬೇವಿನ ಮರದ ತುದಿಗೂ ನಿಮ್ಮ ನೇರ ಗೆರೆಗೂ 5 ಮೀಟರ್ ಅಂತರವಿಲ್ಲದಿದ್ದರೆ ಆ ಲಿಂಕ್ ಕೈಕೊಡುತ್ತದೆ.

ನಮ್ಮ ಕಡೆ ಬಯಲು ನೆಲ, ಎರೆ ಹೊಲ, ದಿಗಂತದವರೆಗೆ ಏನೂ ಅಡ್ಡ ಇಲ್ಲವೆಂದು ಅನ್ನಿಸುತ್ತದೆ. ಮೂರು ವಿಷಯ ನೋಡಿಕೊಳ್ಳಿ. ಒಂದು, ಹಳ್ಳದ ದಂಡೆಯ ಜಾಲಿ, ಬೇಸಿಗೆಯಲ್ಲಿ ಅಳೆದು ಹೋದವನಿಗೆ ಮಳೆಗಾಲದ ಹಸಿ ಎಲೆಗಳ ಅಂದಾಜು ಇರುವುದಿಲ್ಲ. 5 ಗಿಗಾಹರ್ಟ್ಸ್‌ಗೆ ಮಳೆಹನಿಯಿಂದ ಹೆಚ್ಚೇನೂ ಆಗದು, ನೀರು ಕುಡಿದ ಎಲೆಯಿಂದ ಆಗುತ್ತದೆ. ಎರಡು, ಕಪ್ಪತಗುಡ್ಡದ ಸುತ್ತಲಿನ ಗಾಳಿಯಂತ್ರಗಳು. ರೆಕ್ಕೆ ತಿರುಗುವಾಗ ಸಿಗ್ನಲ್ ಉಯ್ಯಾಲೆ ಆಡುತ್ತದೆ, ಕಾರಣ ಹುಡುಕಿ ನಾನು ಒಂದು ವಾರ ಕಳೆದಿದ್ದೇನೆ. ಮೂರು, ನಾಳೆ ಕಟ್ಟುವ ಮನೆ. ಸಾಲ ಮಾಡಿ ಮೇಲಂತಸ್ತು ಏರಿಸುವ ಪಕ್ಕದವರಿಗೆ ನಿಮ್ಮ ಲಿಂಕ್‌ನ ಚಿಂತೆ ಯಾಕೆ?

ಕಪ್ಪತಗುಡ್ಡದ ಮೇಲೇ ಟವರ್ ಹಾಕೋಣ ಅನ್ನುವ ಐಡಿಯಾ ಎಲ್ಲರಿಗೂ ಒಮ್ಮೆ ಬರುತ್ತದೆ. ಅದು ವನ್ಯಜೀವಿ ಧಾಮ. ಬಿಟ್ಟುಬಿಡಿ.

ಟವರ್‌ಗೆ ಜಾಗ?

ಹಳ್ಳಿಯಲ್ಲಿ ಎತ್ತರದ ಜಾಗ ಅಂದರೆ ಪಂಚಾಯ್ತಿಯ ನೀರಿನ ಟಾಕಿ, ಇಲ್ಲವೇ ಗೌಡರ ಆರ್‌ಸಿಸಿ ಮನೆ. ಹಳೆಯ ಮಣ್ಣಿನ ಮಾಳಿಗೆಗೆ ಪೈಪು ನಿಲ್ಲಿಸಲು ಹೋಗಬೇಡಿ, ಮೊದಲ ಮಳೆಗೆ ಸೋರಿದರೆ ಆ ಮನೆಯ ಅಜ್ಜಿ ಜೀವ ಇರುವ ತನಕ ನಿಮ್ಮನ್ನು ಬಯ್ಯುತ್ತಾಳೆ, ಬಯ್ಯಲೇಬೇಕು. ಟಾಕಿ ಬೇಕಾದರೆ ಪಂಚಾಯ್ತಿ ಸಭೆಯಲ್ಲಿ ಠರಾವು ಮಾಡಿಸಿ ಪ್ರತಿ ಕೈಯಲ್ಲಿಟ್ಟುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಚುನಾವಣೆ ತನಕ ಮಾತ್ರ ಬಾಳುತ್ತದೆ. ಹುಬ್ಬಳ್ಳಿ ಕಡೆ ಮಾಡುವವರು ವಿಮಾನ ನಿಲ್ದಾಣದ ಸುತ್ತಲಿನ ಎತ್ತರದ ನಿರ್ಬಂಧವನ್ನೂ ನೋಡಿಕೊಳ್ಳಬೇಕು.

ಖಾಸಗಿ ಮನೆಯಾದರೆ ಫ್ರೀ ನೆಟ್ ಕೊಟ್ಟು ಬಾಡಿಗೆ ತಪ್ಪಿಸುವ ರೂಢಿ ಇದೆ. ನಾನೂ ಹಾಗೆ ಶುರು ಮಾಡಿದೆ. ಆಮೇಲೆ ತಿಳಿಯಿತು: ಫ್ರೀ ನೆಟ್‌ಗೆ ಬೆಲೆ ಇಲ್ಲ. ಮಗಳ ಮದುವೆಗೆ ಮಾಳಿಗೆ ಮೇಲೆ ಶಾಮಿಯಾನ ಹಾಕುವಾಗ ಮನೆಯವರು ಪೈಪನ್ನು ಎಳೆದು ಹಿಡಿಯುವ ಗೈ ವೈರ್ ಬಿಚ್ಚಿ ಬದಿಗಿಟ್ಟಿದ್ದರು. ತಪ್ಪು ಅವರದಲ್ಲ, ನಾನು ಅವರಿಗೆ ಏನೂ ಕೊಡುತ್ತಿರಲಿಲ್ಲ. ಈಗ ತಿಂಗಳಾ ತಿಂಗಳಾ ಸಣ್ಣ ಮೊತ್ತವಾದರೂ ಬ್ಯಾಂಕಿಗೇ ಹಾಕುತ್ತೇನೆ, ಬಾಂಡ್ ಪೇಪರ್ ಮೇಲೆ ಐದು ವರ್ಷದ ಕರಾರು, ರಾತ್ರಿಯಾದರೂ ಮೇಲೆ ಹತ್ತುವ ಹಕ್ಕು ಅದರಲ್ಲಿ ಬರೆದಿರುತ್ತದೆ.

ಹೊಲದಲ್ಲಿ ಟವರ್ ನಿಲ್ಲಿಸುವವರು ಎರೆ ಮಣ್ಣಿನ ಗುಣ ತಿಳಿದಿರಬೇಕು. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಎರಡು ಅಡಿ ತಗ್ಗು ತೋಡಿ ಕಾಂಕ್ರೀಟ್ ಸುರಿದರೆ ವರ್ಷದೊಳಗೆ ಕಂಬ ವಾಲುತ್ತದೆ. ಎರೆ ದಾಟಿ ಗಟ್ಟಿ ಗರಸು ಸಿಗುವ ತನಕ ತೋಡಿ, ಬುಡಕ್ಕೆ ಗರಸು ತುಂಬಿಸಿ. ಬಾವಿ ತೋಡಿದ ಅನುಭವ ಇರುವ ಊರಿನ ಹಿರಿಯರನ್ನು ಕೇಳಿದರೆ ಎಷ್ಟು ಆಳಕ್ಕೆ ಗರಸು ಹತ್ತುತ್ತದೆಂದು ನಿಂತಲ್ಲೇ ಹೇಳುತ್ತಾರೆ.

ಆಷಾಢ ಬಂತೆಂದರೆ ಲಿಂಕ್ ಕೆಡುತ್ತದೆ, ಯಾಕೆ?

ಗಾಳಿಯಂತ್ರದವರು ಸುಮ್ಮನೆ ಗದಗ ಜಿಲ್ಲೆ ಹುಡುಕಿಕೊಂಡು ಬಂದಿಲ್ಲ. ಡಿಶ್‌ನ ಕಿರಣ ಬಹಳ ಕಿರಿದು, ಐದಾರು ಡಿಗ್ರಿ ಅಷ್ಟೇ. 5 ಕಿಲೊಮೀಟರ್ ದೂರದಲ್ಲಿ 1 ಡಿಗ್ರಿ ಅಂದರೆ 87 ಮೀಟರ್. ಕ್ಲಾಂಪು ಸಡಿಲಾಗಿ ಡಿಶ್ ಮೂರು ಡಿಗ್ರಿ ತಿರುಗಿತೆಂದರೆ ನಿಮ್ಮ ಸಿಗ್ನಲ್ ಪಕ್ಕದ ಹೊಲದ ಶೇಂಗಾ ಬೆಳೆಗೆ ಹೋಗುತ್ತಿದೆ ಎಂದರ್ಥ.

ರೋಹಿಣಿ ಮಳೆ ಹೊತ್ತಿಗೆ ಎಲ್ಲಾ ಟವರ್ ಹತ್ತಿ ನಟ್ಟು ಬಿಗಿಸಿ. ದಿಕ್ಕು ಸರಿ ಹೊಂದಿಸಿದ ಮೇಲೆ ಕ್ಲಾಂಪು ಮತ್ತು ಪೈಪಿನ ಮೇಲೆ ಪೇಂಟಿನಿಂದ ಒಂದೇ ಗೆರೆ ಎಳೆಯಿರಿ. ಗಾಳಿಗೆ ತಿರುಗಿದರೆ ಗೆರೆ ಎರಡಾಗಿ ಕಾಣುತ್ತದೆ, ಕೆಳಗೆ ನಿಂತೇ ಗೊತ್ತಾಗುತ್ತದೆ. ಹತ್ತು ರೂಪಾಯಿಯ ಈ ಬುದ್ಧಿ ಕಲಿಯಲು ನನಗೆ ಎರಡು ಆಷಾಢ ಬೇಕಾಯಿತು.

ಸಿಡಿಲಿಗೆ ಏನು ಮಾಡುವುದು?

ನೇರವಾಗಿ ಬಿದ್ದರೆ ಏನೂ ಮಾಡಲಾಗದು. ಆದರೆ ಬಹಳಷ್ಟು ಸಾಮಾನು ಸುಡುವುದು ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲು ಕೇಬಲ್ಲಿನಲ್ಲಿ ಎಬ್ಬಿಸುವ ವೋಲ್ಟೇಜಿನಿಂದ. ನಮ್ಮಲ್ಲಿ ಅಪಾಯದ ದಿನಗಳು ಮುಂಗಾರಿಗೆ ಮುಂಚಿನ ಗುಡುಗು ಮಳೆಯವು, ಅಶ್ವಿನಿ, ಭರಣಿ, ಕೃತ್ತಿಕಾ. ಭರಣಿ ಮಳೆ ಬಂದರೆ ರೈತರು ಕೈಮುಗಿಯುತ್ತಾರೆ, ನಾನು ಕೇಬಲ್ ಸಿಕ್ಕಿಸುವ ಪೋರ್ಟ್ ಎಷ್ಟು ಸುಟ್ಟುಹೋದವೆಂದು ಎಣಿಸುತ್ತೇನೆ.

ಶೀಲ್ಡ್ ಇರುವ ಕೇಬಲ್, ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್, ಪೈಪಿನಿಂದ ಭೂಮಿಗೆ ದಪ್ಪ ತಂತಿ. ಅರ್ಥಿಂಗ್‌ಗೆ ಹಸಿ ಎರೆ ಮಣ್ಣು ಚಿನ್ನದಂಥದು. ಆದರೆ ಏಪ್ರಿಲ್‌ನಲ್ಲಿ ನೆಲ ಬಿರಿದು ರಾಡಿನ ಸುತ್ತ ಗಾಳಿ ತುಂಬಿರುತ್ತದೆ, ಸಿಡಿಲು ಬರುವುದೂ ಆಗಲೇ. ವಾರಕ್ಕೊಮ್ಮೆ ಎರಡು ಕೊಡ ನೀರು ಸುರಿಯಲು ಮನೆಯವರಿಗೆ ಹೇಳಿ. ಟವರ್ ಬುಡದ ಪೆಟ್ಟಿಗೆಯಿಂದ ಕೋಣೆಯ ರೌಟರ್‌ಗೆ ತಾಮ್ರದ ಬದಲು ಇಪ್ಪತ್ತು ಮೀಟರ್ ಫೈಬರ್ ಎಳೆದರೆ ಒಳಗಿನ ಸಾಮಾನಾದರೂ ಉಳಿಯುತ್ತದೆ, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ.

ಕೇಬಲ್ ಮಾತು ಬಂದಾಗ ಇನ್ನೊಂದು. ಅಗ್ಗದ ಕೇಬಲ್ಲಿನಲ್ಲಿ ಮೇಲೆ ತಾಮ್ರದ ಲೇಪ, ಒಳಗೆ ಅಲ್ಯುಮಿನಿಯಂ. ಬ್ಲೇಡಿನಿಂದ ಕೆರೆದು ನೋಡಿ, ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅದರ ತಡೆ ತಾಮ್ರದ ಸುಮಾರು ಒಂದೂವರೆ ಪಟ್ಟು. ಅದೇ ಕೇಬಲ್ಲಿನಲ್ಲಿ ಕರೆಂಟೂ ಹೋಗುವುದರಿಂದ ಉದ್ದ ಹೆಚ್ಚಾದಲ್ಲಿ ರೇಡಿಯೊ ರಾತ್ರಿಯೆಲ್ಲ ತಾನೇ ಆಫ್ ಆಗಿ ಆನ್ ಆಗುತ್ತದೆ.

ಕರೆಂಟ್ ಹೋದರೆ?

ನಾಲ್ಕು ರೇಡಿಯೊ, ಒಂದು ಸ್ವಿಚ್ ಸೇರಿ ಸುಮಾರು 45 ವ್ಯಾಟ್ ಅನ್ನಿ. 12 ವೋಲ್ಟ್ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 1800 ವ್ಯಾಟ್ ಅವರ್ ಇದೆ. ಬ್ಯಾಟರಿ ಬಾಳಬೇಕಾದರೆ ಅರ್ಧವೇ ಬಳಸಬೇಕು. ನೇರ ಡಿಸಿ ಕೊಟ್ಟರೆ 20 ತಾಸು ಬರುತ್ತದೆ, ನಡುವೆ ಮನೆಬಳಕೆಯ ಇನ್ವರ್ಟರ್ ಇಟ್ಟರೆ ಅದು ತಾನೇ ತಿಂದು 12–13 ತಾಸಿಗೆ ಇಳಿಸುತ್ತದೆ.

ಹೊಲದ ಟವರ್‌ಗೆ ಪಂಪ್‌ಸೆಟ್ ಲೈನ್ ನೆಚ್ಚಬೇಡಿ, ಅಲ್ಲಿ ತ್ರೀ ಫೇಸ್ ಕೆಲವೇ ತಾಸು. ಸೋಲಾರ್ ಹಾಕುವವರು ಬೇಸಿಗೆಯ ಬಿಸಿಲಿಗೆ ಲೆಕ್ಕ ಹಾಕಿ ಮೋಸ ಹೋಗುತ್ತಾರೆ. 45 ವ್ಯಾಟ್ ದಿನಕ್ಕೆ 1080 ವ್ಯಾಟ್ ಅವರ್ ತಿನ್ನುತ್ತದೆ. ಆಷಾಢದ ಮೋಡದಲ್ಲಿ ಮೂರು ತಾಸಿನ ಬಿಸಿಲು ಸಿಕ್ಕರೆ ದೊಡ್ಡದು, ನಷ್ಟ ಸೇರಿಸಿದರೆ 500 ವ್ಯಾಟ್ ಪ್ಯಾನೆಲ್ ಬೇಕು. ಮತ್ತೆ ಕಳ್ಳರು ಬ್ಯಾಟರಿ ಒಯ್ಯುತ್ತಾರೆ. ಕಬ್ಬಿಣದ ಪೆಟ್ಟಿಗೆ, ವೆಲ್ಡಿಂಗ್.

ಮುಂಜಾನೆ ಚೆನ್ನಾಗಿರುತ್ತದೆ, ರಾತ್ರಿ 9ಕ್ಕೆ ಯಾಕೆ ತೆವಳುತ್ತದೆ?

ಇದು ಗ್ರಾಹಕರ ಪ್ರಶ್ನೆ, ಆದರೆ ಮಾಲಕನೇ ಮಲಗುವ ಮುಂಚೆ ಕೇಳಿಕೊಳ್ಳಬೇಕು.

60 ಮನೆಗೆ 30 ಎಂಬಿಪಿಎಸ್ ಪ್ಲಾನ್ ಮಾರಿದ್ದೀರಿ ಅನ್ನಿ. ಕಾಗದದ ಮೇಲೆ 1800 ಆಯಿತು. ದೊಡ್ಡ ಕಂಪನಿಯಿಂದ ಅಷ್ಟು ಬ್ಯಾಂಡ್‌ವಿಡ್ತ್ (ನೆಟ್‌ನ ಒಟ್ಟು ವೇಗ) ಯಾರೂ ಕೊಳ್ಳುವುದಿಲ್ಲ, ಕೊಳ್ಳಬೇಕಾಗಿಯೂ ಇಲ್ಲ. ಬೆಳಗ್ಗೆ 11ಕ್ಕೆ ನೋಡಿದರೆ ಅರವತ್ತೂ ಮನೆ ಸೇರಿ 30–40 ಬಳಸುತ್ತಿರುತ್ತವೆ, ನೋಡಿ ಖುಷಿಯಾಗಿ 100 ಸಾಕೆಂದು ಕೊಳ್ಳುತ್ತೀರಿ. ರಾತ್ರಿ ಊಟ ಮುಗಿದ ಮೇಲೆ 40 ಮನೆಯಲ್ಲಿ ಒಂದೊಂದು ವಿಡಿಯೊ ಓಡಿದರೆ, ಒಂದಕ್ಕೆ 4–5ರಂತೆ 160ರಿಂದ 200 ಬೇಕು. ಐಪಿಎಲ್ ಇದ್ದ ದಿನ ಉಳಿದ ಇಪ್ಪತ್ತು ಮನೆಗಳೂ ಸೇರುತ್ತವೆ.

ಬ್ಯಾಂಡ್‌ವಿಡ್ತ್ ಹೆಚ್ಚು ಕೊಂಡರೂ ಬಗೆಹರಿಯದ ಇನ್ನೊಂದು ರೋಗವಿದೆ, ಇದನ್ನು ಹೊಸಬರಿಗೆ ಬಿಡಿಸಿ ಹೇಳಬೇಕು. ಒಂದು ಸೆಕ್ಟರ್ ಆಂಟೆನಾದ (ಒಂದು ಬದಿಯ ಮನೆಗಳಿಗೆಲ್ಲ ಸಿಗ್ನಲ್ ಹಂಚುವ ಆಂಟೆನಾ) ಕೆಳಗೆ ಮೂವತ್ತು ಮನೆ ಅನ್ನಿ, ಅವೆಲ್ಲ ಸರದಿಯ ಮೇಲೆ ಮಾತಾಡುತ್ತವೆ. ಅವು ಹಂಚಿಕೊಳ್ಳುವುದು ಸಮಯವನ್ನು. ಸಿಗ್ನಲ್ ಚೆನ್ನಾಗಿದ್ದ ಮನೆ 100 ಎಂಬಿಪಿಎಸ್ ವೇಗದಲ್ಲಿ ಮಾತಾಡುತ್ತದೆ. ಬೇವಿನ ಮರದ ಹಿಂದಿನ ಮನೆ 10ರ ವೇಗದಲ್ಲಿ ತೊದಲುತ್ತದೆ. ಆ ತೊದಲುವ ಮನೆ 5 ಎಂಬಿಪಿಎಸ್‌ನ ಒಂದು ಧಾರಾವಾಹಿ ನೋಡಲು ಕೂತರೆ ಸೆಕ್ಟರ್‌ನ ಅರ್ಧ ಸಮಯ ಅದಕ್ಕೇ ಹೋಯಿತು. ಉಳಿದ ಇಪ್ಪತ್ತೊಂಬತ್ತು ಮನೆಗೆ ಉಳಿದರ್ಧ. ಅಂಥ ಮನೆಗೆ ಕನೆಕ್ಷನ್ ಕೊಡುವಾಗ 'ಒಂದ್ ಗಿರಾಕಿ ಯಾಕೆ ಬಿಡೂದು' ಅನ್ನಿಸುತ್ತದೆ. ಬಿಡಬೇಕು. ಇಲ್ಲವೇ ಅವರ ಮಾಳಿಗೆ ಮೇಲೆ ಇನ್ನೆರಡು ಪೈಪು ಏರಿಸಬೇಕು. ಮೈನಸ್ 65ಕ್ಕಿಂತ ದುರ್ಬಲ ಸಿಗ್ನಲ್‌ಗೆ ನಾನು ಈಗ ಕನೆಕ್ಷನ್ ಕೊಡುವುದಿಲ್ಲ. ನಮ್ಮ ಸೋದರಮಾವನ ಮನೆಗೂ ಕೊಟ್ಟಿಲ್ಲ, ಆ ಮಾತು ಇನ್ನೂ ಮದುವೆ ಮುಂಜಿಗಳಲ್ಲಿ ಕೇಳಿಬರುತ್ತದೆ.

ಮಂಗಗಳು?

ಡಿಶ್ ಹಿಡಿದು ಜೋತಾಡುತ್ತವೆ. ಮುಳ್ಳುತಂತಿ, ಡಿಶ್ ಬದಲು ಚಪ್ಪಟೆ ಪ್ಯಾನೆಲ್ ಆಂಟೆನಾ. ಅಳಿಲು ಕೇಬಲ್ ಕಡಿಯುತ್ತದೆ, ಕೇಬಲ್ಲನ್ನು ಪೈಪಿನೊಳಗೇ ಇಳಿಸಿ.

ಉದ್ರಿ ಕೊಡಬೇಕೇ?

ಕೊಡುವುದಿಲ್ಲ ಅಂದರೆ ಹಳ್ಳಿಯಲ್ಲಿ ಧಂದೆ ಆಗುವುದಿಲ್ಲ, ಕೊಟ್ಟರೆ ಉಳಿಯುವುದಿಲ್ಲ. "ಉಳ್ಳಾಗಡ್ಡಿ ರೇಟ್ ಬರ್ಲಿ ತಮ್ಮಾ, ಒಮ್ಮೆಲೇ ಕೊಡ್ತೀನಿ" ಅನ್ನುವ ಕಾಕಾ ಸುಳ್ಳು ಹೇಳುತ್ತಿಲ್ಲ. ಅವರ ಕೈಗೆ ದುಡ್ಡು ತಿಂಗಳಿಗೊಮ್ಮೆ ಬರುವುದೇ ಇಲ್ಲ. ನೌಕರದಾರರಿಗೆ ಮಾಡಿದ ತಿಂಗಳ ಪ್ಲಾನನ್ನು ರೈತರ ಮೇಲೆ ಹೇರಿದ ತಪ್ಪು ನಮ್ಮದು. ನಾನು ಸುಗ್ಗಿ ಪ್ಲಾನ್ ಮಾಡಿದೆ: ಕಡಲೆ, ಮೆಣಸಿನಕಾಯಿ ಮಾರಿದ ಕಾಲದಲ್ಲಿ ಆರು ತಿಂಗಳ ಹಣ ಒಮ್ಮೆಲೇ ಕೊಟ್ಟರೆ ಏಳನೆಯ ತಿಂಗಳು ಬಿಟ್ಟಿ. ಬ್ಯಾಡಗಿ ಮಾರುಕಟ್ಟೆಗೆ ಚೀಲ ಹೋದ ವಾರ ಮನೆಗೆ ಹೋಗಿ ಚಹಾ ಕುಡಿದು ಬರಬೇಕು, ಮುಂದಿನ ವಾರ ಹೋದರೆ ಆ ಹಣ ಗೊಬ್ಬರದಂಗಡಿಗೆ ಹೋಗಿರುತ್ತದೆ.

ದರ ಇಡುವಾಗ 18 ಶೇಕಡಾ ಜಿಎಸ್‌ಟಿ ನೆನಪಿರಲಿ. ಗಿರಾಕಿ ಕೊಟ್ಟ 500 ರೂಪಾಯಿಯಲ್ಲಿ 76 ಸರ್ಕಾರದ್ದು. ಉಳಿದ 424ರಲ್ಲಿ ಬ್ಯಾಂಡ್‌ವಿಡ್ತ್, ಬಾಡಿಗೆ, ಪೆಟ್ರೋಲು, ಸುಟ್ಟ ಪೋರ್ಟು. ಕೊನೆಗೆ ಉಳಿದದ್ದೇ ನೀವು. ಬ್ಯಾಟರಿಗೆಂದು ತಿಂಗಳಾ ತಿಂಗಳಾ ಬೇರೆ ಖಾತೆಗೆ ಹಾಕದಿದ್ದರೆ ಮೂರ್ನಾಲ್ಕು ವರ್ಷಕ್ಕೆ ಎಲ್ಲ ಬ್ಯಾಟರಿಗಳೂ ಒಟ್ಟಿಗೆ ಸಾಯುತ್ತವೆ, ಆಗ ಬಡ್ಡಿಗೆ ತರಬೇಕು.

ಪೊಲೀಸರು 'ಈ ಐಪಿ ಯಾರದು' ಎಂದು ಕೇಳಿದರೆ?

ಕೇಳುತ್ತಾರೆ. ಐಪಿ ಅಂದರೆ ಇಂಟರ್ನೆಟ್ಟಿನಲ್ಲಿ ಕಾಣುವ ವಿಳಾಸದ ಸಂಖ್ಯೆ. ಒಂದೇ ಸಾರ್ವಜನಿಕ ಐಪಿಯ ಹಿಂದೆ ಐವತ್ತು ಮನೆ ಇಟ್ಟಿರುತ್ತೇವೆ. ಹಾಗಾಗಿ ಯಾವ ಹೊತ್ತಿನಲ್ಲಿ ಯಾವ ಪೋರ್ಟ್ ಸಂಖ್ಯೆ (ಒಂದೇ ಐಪಿಯೊಳಗೆ ಮನೆ ಗುರುತಿಸುವ ನಂಬರ್, ಕೇಬಲ್ ಸಿಕ್ಕಿಸುವ ಪೋರ್ಟ್ ಅಲ್ಲ) ಯಾವ ಮನೆಗೆ ಸಿಕ್ಕಿತ್ತು ಎಂಬ ದಾಖಲೆ ಇರಲೇಬೇಕು. ಪರವಾನಗಿಯ ಷರತ್ತಿನಂತೆ ಕನಿಷ್ಠ 2 ವರ್ಷ ಇಡಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತೆ ನೋಡುವ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ಆದೇಶ ಯಂತ್ರಗಳ ಗಡಿಯಾರ ಸರಿ ಇರಬೇಕೆಂದೂ, ಸೈಬರ್ ದಾಳಿಯಾದರೆ 6 ತಾಸಿನೊಳಗೆ ತಿಳಿಸಬೇಕೆಂದೂ ಹೇಳುತ್ತದೆ. ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ತಪ್ಪು ಮಾಡದ ಮನೆಯ ಬಾಗಿಲು ಬಡಿಯುತ್ತಾರೆ. ಗಿರಾಕಿಯ ಗುರುತಿನ ಚೀಟಿ ತೆಗೆದುಕೊಳ್ಳಲು ಸಂಕೋಚ ಬೇಡ, ಬೀಗರಾದರೂ ಸರಿ.

ದೊಡ್ಡ ಕಂಪನಿಯ ಫೈಬರ್, ಏರ್‌ಫೈಬರ್ ಬಂದರೆ ನಮ್ಮ ಗತಿ?

ಕೆಲವು ಮನೆ ಹೋಗುತ್ತವೆ. ಮುಖ್ಯ ರಸ್ತೆ ಪಕ್ಕದ ಊರುಗಳನ್ನು ನಾನು ಕಳೆದುಕೊಂಡಿದ್ದೇನೆ, ದುಃಖಪಟ್ಟು ಲಾಭವಿಲ್ಲ. 2023ರಲ್ಲಿ ಮಹಾನಗರಗಳಲ್ಲಿ ಶುರುವಾದ ಏರ್‌ಫೈಬರ್ (ಮೊಬೈಲ್ ಟವರಿನಿಂದ 5ಜಿ ಮೂಲಕ ಮನೆಗೆ ಬರುವ ನೆಟ್) ನಮ್ಮಲ್ಲಿಗೂ ಬರುವುದೇ. ಉಳಿದಿರುವುದು ತೋಟದ ಮನೆ, ಇಟ್ಟಂಗಿ ಭಟ್ಟಿ, ಜಿನ್ನಿಂಗ್ ಮಿಲ್ಲು, ಕ್ಯಾಮೆರಾ ಬೇಕಾದ ಗೋದಾಮು. ಅಲ್ಲಿಗೆ ಫೈಬರ್ ಎಳೆಯಲು ಯಾರಿಗೂ ಗಿಟ್ಟುವುದಿಲ್ಲ. ನಾನೇ ಈಗ ದಟ್ಟ ಊರಿನೊಳಗೆ ಫೈಬರ್ ಎಳೆದು, ಊರಾಚೆಗೆ ಮಾತ್ರ ರೇಡಿಯೊ ಇಟ್ಟಿದ್ದೇನೆ. ವಿದ್ಯುತ್ ಕಂಬಕ್ಕೆ ಕೇಬಲ್ ಕಟ್ಟುವ ಮುಂಚೆ ಹೆಸ್ಕಾಂ ಅನುಮತಿ ತಗೊಳ್ಳಿ.

ಹುಡುಗರನ್ನು ಇಟ್ಟುಕೊಳ್ಳಲೇ?

ಒಬ್ಬನನ್ನಾದರೂ. ಒಬ್ಬನೇ ಟವರ್ ಹತ್ತಬಾರದು, ಮಳೆಯಲ್ಲಿ ಹತ್ತಬಾರದು, ಮೈಪೂರ್ತಿ ಬಿಗಿಯುವ ಸೇಫ್ಟಿ ಬೆಲ್ಟ್ ಇಲ್ಲದೆ ಹತ್ತಲೇಬಾರದು. ಗಿರಾಕಿ ಎಷ್ಟೇ ಕೂಗಾಡಲಿ, ರಾತ್ರಿ ಹತ್ತುವುದಿಲ್ಲ ಅನ್ನುವ ಹಕ್ಕು ಹುಡುಗನಿಗೇ ಕೊಟ್ಟಿದ್ದೇನೆ. ಕರಾರಿನಲ್ಲಿ ಬರೆಸಿದ ಹಕ್ಕು ನನಗಾಗಿ, ಅವನಿಗಾಗಿ ಅಲ್ಲ.

ಒಮ್ಮೆ ಬಂದು ನಿಮ್ಮ ಕೆಲಸ ನೋಡಬಹುದೇ?

ಬನ್ನಿ. ಮುಂಜಾನೆ ಬಂದರೆ ಎಲ್ಲ ಹಸಿರು ದೀಪ ಉರಿಯುತ್ತಿರುತ್ತದೆ, ಸುಖದ ಧಂದೆ ಅಂದುಕೊಂಡು ಹೋಗುತ್ತೀರಿ. ಆಷಾಢದಲ್ಲಿ ಬನ್ನಿ, ರಾತ್ರಿ 9ರ ಸುಮಾರಿಗೆ. ಗಿರ್ಮಿಟ್, ಮಿರ್ಚಿ ತರಿಸುತ್ತೇನೆ, ಫೋನ್ ನಿಮ್ಮ ಕೈಗೆ ಕೊಡುತ್ತೇನೆ.